ಕಾಶಿಯ ಗಣಕವೂ ನಮ್ಮ ಅಡುಗೆಮನೆಯೂ

(ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಕಾಶಿಗೆ ಹೋದವನು ಗಂಗೆಯ ತೀರ್ಥ ತರುವುದು ವಾಡಿಕೆ. ನಾನು ಒಂದು ಯಂತ್ರದ ಸುದ್ದಿ ತಂದಿದ್ದೇನೆ, ನಗಬೇಡಿ. ಅಲ್ಲಿನ ಹಿಂದೂ ವಿಶ್ವವಿದ್ಯಾನಿಲಯದ ಆವರಣದ ಐ.ಐ.ಟಿ.ಯಲ್ಲಿ ‘ಪರಮ್ ಶಿವಾಯ್’ ಎಂಬ ಮಹಾಗಣಕವಿದೆ. ಸಿ-ಡ್ಯಾಕ್ ಸಂಸ್ಥೆ ಕಟ್ಟಿದ್ದು. 2019ರ ಫೆಬ್ರವರಿಯಲ್ಲಿ ಪ್ರಧಾನಮಂತ್ರಿಗಳು ಉದ್ಘಾಟಿಸಿದ್ದು. ಸೆಕೆಂಡಿಗೆ 800 ಲಕ್ಷ ಕೋಟಿಗೂ ಮೀರಿ ಲೆಕ್ಕ ಮಾಡಬಲ್ಲದಂತೆ. ಒಳಗೆ ನನ್ನನ್ನು ಬಿಡುವವರು ಯಾರು? ಆದರೆ ಹಿಂದಿರುಗುವ ರೈಲಿನಲ್ಲಿ ನಮ್ಮ ಕಡೆಯ ಹುಡುಗನೊಬ್ಬ ಜೊತೆಯಾದ. ಬೇರೊಂದೂರಿನಲ್ಲಿ ಇಂಥದೇ ಗಣಕದ ಕೋಣೆಯಲ್ಲಿ ಅವನಿಗೆ ರಾತ್ರಿ ಪಾಳಿ.

ಈ ಯಂತ್ರದ ಮುಂದೆ ಯಾರೂ ಕುಳಿತು ಕಾಯುವುದಿಲ್ಲ. ಕೆಲಸ ಬರೆದುಕೊಟ್ಟು ಹೋಗುತ್ತಾರೆ; ಅದು ಸರದಿಯಲ್ಲಿ ನಿಲ್ಲುತ್ತದೆ. ಸರದಿ ನೋಡುವುದಕ್ಕೆ ಒಂದು ತಂತ್ರಾಂಶ. ಹೆಚ್ಚಿನ ಕಡೆ ಸ್ಲರ್ಮ್ ಎಂಬುದು. ನಮ್ಮ ಟೋಕನ್ ಗಲ್ಲಾದವನೆಂದೇ ತಿಳಿಯಿರಿ.

“ನಿಲ್ಲಿಸಬೇಕಾದರೆ ಗುಂಡಿ ಒತ್ತಿದರಾಯಿತಲ್ಲ?” ಎಂದೆ. ಹುಡುಗ ಹೌಹಾರಿದ. ಮೊದಲು ನಿಲ್ಲುವ ವೇಳೆಯನ್ನು ಎಲ್ಲರಿಗೂ ಸಾರಬೇಕು. ನಿಲ್ಲಲು 6 ಗಂಟೆ ಉಳಿದಿದ್ದರೆ 12 ಗಂಟೆ ಬೇಡುವ ಕೆಲಸವನ್ನು ಒಲೆಗೇರಿಸಬಾರದು. ಅದು ಸರದಿಯಲ್ಲೇ ಇರಲಿ. ಒಲೆಯ ಮೇಲಿರುವುದು ಮುಗಿಯಲಿ. ಮುಗಿಯದಿದ್ದರೆ, ಅಲ್ಲಿಯವರೆಗಿನ ಲೆಕ್ಕವನ್ನು ಡಿಸ್ಕಿಗೆ ಬರೆದಿಡಲಿ. ಆಮೇಲೆ ಲೆಕ್ಕ ಮಾಡುವ ಯಂತ್ರಗಳು ಉಗ್ರಾಣದ ಸಂಬಂಧ ಕಳಚಿಕೊಂಡು ಒಂದೊಂದಾಗಿ ಆರಬೇಕು. ಬಳಿಕ ಸರದಿಯವನು, ಅವನ ಹಿಂದೆ ಖಾತೆಪುಸ್ತಕದವನು. ಇವರೆಲ್ಲ ಹೋದಮೇಲೆ ಉಗ್ರಾಣ, ಅಂದರೆ ಡಿಸ್ಕುಗಳು. ಉಗ್ರಾಣಕ್ಕೆ ಮೊದಲೇ ಬೀಗ ಹಾಕಿದರೆ ಬರೆಯುತ್ತಿದ್ದವನ ಕೈ ಬಾಗಿಲಲ್ಲಿ ಸಿಕ್ಕಿಬೀಳುತ್ತದೆ. ತಿಂಗಳ ದುಡಿಮೆ ಅರ್ಧ ಅಕ್ಷರದಲ್ಲಿ ನಿಲ್ಲುತ್ತದೆ. ತಂಪು ಮಾಡುವ ಯಂತ್ರ ಎಲ್ಲಕ್ಕಿಂತ ಕೊನೆ. ಮತ್ತೆ ಹಚ್ಚುವಾಗ ಅದೇ ಮೊದಲು, ಉಗ್ರಾಣ ಆಮೇಲೆ.

ಗಿರಣಿಯವರು ತಲೆದೂಗುತ್ತಿದ್ದೀರಿ. ನೂಲು ಕಡಿಯದಂತೆ ಮಗ್ಗ ನಿಲ್ಲಿಸಿದವರಿಗೆ ಇದು ಹೊಸದೇನಲ್ಲ.

ನನ್ನ ಹದಿನೆಂಟನೇ ವಯಸ್ಸಿನಲ್ಲಿ ದುಡಿಯುತ್ತಿದ್ದ ಹೋಟೆಲಿನಲ್ಲಿ ಒಂದು ರಾತ್ರಿ ಮಾಲಿಕರಿಗೆ ಅವಸರ. ಗಲ್ಲಾದಲ್ಲಿ ಟೋಕನ್ ಹರಿಯುತ್ತಲೇ ಇತ್ತು. “ಮೇನ್ ಆರಿಸೋ” ಎಂದರು. “ಸ್ವಲ್ಪ ತಡೆಯಿರಿ” ಎಂದೆ. ಕೇಳಲಿಲ್ಲ; ಆರಿಸಿದೆ. ಗ್ರೈಂಡರಿನಲ್ಲಿ ನಾಳೆಯ ಹಿಟ್ಟು ಅರ್ಧ ರುಬ್ಬಿ ನಿಂತಿತು. ಹೊಗೆ ಎಳೆಯುವ ಫ್ಯಾನು ನಿಂತಿತು, ಒಲೆ ಮಾತ್ರ ಉರಿಯುತ್ತಿತ್ತು. ಕತ್ತಲಲ್ಲಿ, ಹೊಗೆಯಲ್ಲಿ, ದೋಸೆಯ ಭಟ್ಟರು ಕಾದ ಕಾವಲಿಯ ಮೇಲೆ ಅಂಗೈ ಊರಿದರು. ಹೊರಗೆ ಟೋಕನ್ ಹಿಡಿದ ಗಿರಾಕಿಗಳ ಗದ್ದಲ.

ಆ ಹುಡುಗನ ಕೋಣೆಯಲ್ಲಿ ನಿಲ್ಲಿಸುವ ಕ್ರಮವನ್ನು ಬರೆದು ಗೋಡೆಗೆ ಅಂಟಿಸಿದ್ದಾರಂತೆ. ಮೇಲಿನವರು ಅವಸರ ಮಾಡಿದರೆ ಅವನು ಮಾತಾಡುವುದಿಲ್ಲ, ಗೋಡೆ ತೋರಿಸುತ್ತಾನೆ. ನಮ್ಮ ಅಡುಗೆಮನೆಗಳಲ್ಲೂ ಅಂಥ ಕಾಗದ ಬೇಕೆಂದು ಸಂಘದ ಬೇಡಿಕೆಪಟ್ಟಿಗೆ ಸೇರಿಸಲು ಸಭೆಯ ಅಪ್ಪಣೆ ಕೇಳುತ್ತೇನೆ. ಅಂದು ನನ್ನ ಹಿಂದೆ ಇದ್ದದ್ದು ಬರಿಯ ಮಸಿ ಹಿಡಿದ ಗೋಡೆ. ಕೆಟ್ಟ ಹಿಟ್ಟಿಗೆಂದು ಏಳು ದಿನದ ಸಂಬಳ ಮುರಿದರು. ಭಟ್ಟರು ಅಂಗೈ ಮಾಯುವವರೆಗೆ ಊರಿಗೆ ಹೋದರು. ಬಂದಾಗ ಅವರ ಜಾಗದಲ್ಲಿ ಬೇರೊಬ್ಬರಿದ್ದರು.