ಚೆಕ್ಕಿನ ಹಿಂಬದಿಯ ಸಹಿ
(ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷ ತುಂಬಿದ ಸಂಭ್ರಮದ ದಿನ ಮೋಸದ ಮಾತು ಯಾಕೆ ತೆಗೆದರಪ್ಪಾ ಅಂತ ನಿಮಗೆ ಅನಿಸಬಹುದು. ಕಾರ್ಯದರ್ಶಿಗಳು ನಮಗೆ ಕೊಟ್ಟ ವಿಷಯವೇ ಅದು. ನಂಬಿದ ನೌಕರನೇ ಸುಳ್ಳು ಸಹಿ ಹಾಕಿ ಚೆಕ್ಕಿನ ಹಣ ಎತ್ತಿದರೆ ನಷ್ಟ ಯಾರದು, ಬ್ಯಾಂಕಿನದೋ ನಮ್ಮದೋ? ನಾವು ಬಹಳ ವರ್ಷ ಬ್ಯಾಂಕಿನ ಕೌಂಟರಿನ ಒಳಗೆ ಕೂತವರು, ಈಗ ಹೊರಗೆ ನಿಮ್ಮ ಸಾಲಿನಲ್ಲಿ ನಿಂತವರು. ಎರಡೂ ಕಡೆಯದನ್ನು ಹೇಳಬಹುದು ಅಂದುಕೊಂಡು ಒಪ್ಪಿದೆವು.

"ಹಣ ಕೊಟ್ಟವರು ಬ್ಯಾಂಕಿನವರು, ಅವರೇ ತುಂಬಿಕೊಡಲಿ" ಎನ್ನೋದು ನಮ್ಮೂರ ಕಟ್ಟೆಯ ತೀರ್ಪು. ಅದು ಅರ್ಧ ಮಾತ್ರ ಸರಿ. ಸುಳ್ಳು ಸಹಿ ಇರೋದು ಚೆಕ್ಕಿನ ಮುಂದೆಯೋ ಹಿಂದೆಯೋ ಅಂತ ಮೊದಲು ನೋಡಬೇಕು.

ಮುಂದಿನ ಸಹಿ ಖಾತೆದಾರರದು. "ನಮ್ಮ ಖಾತೆಯಿಂದ ಇಷ್ಟು ಕೊಡಿ" ಅಂತ ಬ್ಯಾಂಕಿಗೆ ಕೊಡುವ ಅಪ್ಪಣೆ ಅದು. ಸಹಿಯೇ ಸುಳ್ಳಾದ ಮೇಲೆ ಅಪ್ಪಣೆ ಎಲ್ಲಿಂದ ಬಂತು? ನಮ್ಮ ಮಂಗಳೂರಿನದೇ ಮೊಕದ್ದಮೆ ಒಂದುಂಟು. ಕೆನರಾ ಸೇಲ್ಸ್ ಕಾರ್ಪೊರೇಷನ್ ಎಂಬ ಕಂಪನಿಯ ಚೆಕ್ ಪುಸ್ತಕ ಇದ್ದದ್ದು ಅದರ ಅಕೌಂಟೆಂಟರ ವಶದಲ್ಲಿ. ಮ್ಯಾನೇಜಿಂಗ್ ಡೈರೆಕ್ಟರ ಸುಳ್ಳು ಸಹಿಯ 42 ಚೆಕ್ಕುಗಳಲ್ಲಿ ಮೂರು ಲಕ್ಷದ ಇಪ್ಪತ್ತಾರು ಸಾವಿರ ರೂಪಾಯಿ ಹೋಯಿತು. ಬೆಳಕಿಗೆ ಬಂದದ್ದು 1961ರಲ್ಲಿ. ಕಂಪನಿಯವರು ಲೆಕ್ಕ ನೋಡಿಕೊಳ್ಳದೆ ಇದ್ದರು, ತಪ್ಪು ಅವರದೇ ಅಂತ ಕೆನರಾ ಬ್ಯಾಂಕು ವಾದಿಸಿತು. 1987ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದರೆ ಮಾತು ಬೇರೆ, ಗೊತ್ತೇ ಇಲ್ಲದವರ ಮೇಲೆ ಹೊಣೆ ಹೊರಿಸುವ ಹಾಗಿಲ್ಲ ಎಂದು ಬ್ಯಾಂಕೇ ಹಣ ತುಂಬಬೇಕಾಯಿತು. ಬಿಹಾರದ ಬಿಹ್ಟಾದಲ್ಲಿ ನಮ್ಮ ಹಾಗೇ ಇದ್ದ ಕಬ್ಬು ಬೆಳೆಗಾರರ ಸಹಕಾರಿ ಯೂನಿಯನ್ನಿನ 11,000 ರೂಪಾಯಿ ಚೆಕ್ಕಿನಲ್ಲೂ ಹಾಗೇ ಆಯ್ತು. ಎರಡು ಸಹಿ ಬೇಕಿದ್ದ ಚೆಕ್ಕಿನಲ್ಲಿ ಒಂದು ನಿಜ, ಒಂದು ಸುಳ್ಳು. ಅಲ್ಲೂ ಸೋತದ್ದು ಬ್ಯಾಂಕೇ.

ಇನ್ನು ಹಿಂಬದಿ. ಯಾರ ಹೆಸರಿಗೆ ಚೆಕ್ಕು ಬರೆದಿದೆಯೋ ಅವರು ಹಿಂದೆ ಸಹಿ ಮಾಡಿ ಇನ್ನೊಬ್ಬರಿಗೆ ದಾಟಿಸಬಹುದು. ಅದಕ್ಕೆ ಎಂಡಾರ್ಸ್‌ಮೆಂಟ್ ಅಂತಾರೆ. ಖಾತೆದಾರರ ಸಹಿಯ ಮಾದರಿ ಬ್ಯಾಂಕಿನಲ್ಲಿ ಇರುತ್ತೆ, ಹಣ ಪಡೆಯುವವರ ಸಹಿ ಹೇಗಿದೆ ಅಂತ ಬ್ಯಾಂಕಿಗೆ ಏನು ಗೊತ್ತು? ಅದಕ್ಕೇ 1881ರ ನೆಗೋಶಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 85ನೇ ಕಲಮು ಬ್ಯಾಂಕಿಗೆ ರಕ್ಷಣೆ ಕೊಟ್ಟಿದೆ. ಹಿಂಬದಿ ಬರಹ ಕ್ರಮವಾಗಿ ಕಂಡು, ಪ್ರಾಮಾಣಿಕವಾಗಿ, ಅಜಾಗ್ರತೆಯಿಲ್ಲದೆ ಹಣ ಕೊಟ್ಟಿದ್ದರೆ, ಆ ಸಹಿ ಸುಳ್ಳೆಂದು ಆಮೇಲೆ ಗೊತ್ತಾದರೂ ಬ್ಯಾಂಕಿಗೆ ಹೊಣೆಯಿಲ್ಲ. "ಬೇರರ್" ಶಬ್ದ ಹೊಡೆದುಹಾಕದೆ ಬಿಟ್ಟಿರೋ, ಹಿಂದಿನ ಸಹಿಯ ಗೊಡವೆಯೂ ಇಲ್ಲ, ತಂದವನಿಗೆ ಹಣ.

ನಮ್ಮ ಕೌಂಟರಿನಲ್ಲೇ ನಡೆದದ್ದು ಹೇಳ್ತೇವೆ. ಊರು, ಹೆಸರು ಬೇಡ. ಒಂದು ಸಂಘದವರು ಭತ್ತದ ಬಾಬ್ತು ಸದಸ್ಯರ ಹೆಸರಿಗೆ ಚೆಕ್ಕು ಬರೆದು, ಮನೆಮನೆಗೆ ಮುಟ್ಟಿಸು ಅಂತ ಗುಮಾಸ್ತನ ಕೈಗೆ ಕೊಟ್ಟರು. ಬೇರರ್ ಹೊಡೆದಿದ್ದರು, ಅಡ್ಡಗೆರೆ ಎಳೆದಿರಲಿಲ್ಲ. ಒಂದು ಚೆಕ್ಕು ಗಂಡ ತೀರಿಕೊಂಡ ಒಬ್ಬ ಹೆಂಗಸಿನದು. ಅವನು ಹಿಂದೆ ಆಕೆಯ ಹೆಸರು ಬರೆದು, ಕೆಳಗೆ ತನ್ನ ಸಹಿ ಹಾಕಿ ತಂದ. ದಿನಾ ಕಾಣುವ ಮುಖ, ನಾವೇ ಹಣ ಎಣಿಸಿ ಕೊಟ್ಟೆವು. "ಹಣ ಇನ್ನೂ ಬಂದಿಲ್ಲ ಅಮ್ಮಾ" ಅಂತ ಆಕೆಗೆ ಎಂಟು ತಿಂಗಳು ಹೇಳಿದನಂತೆ. ಕೊನೆಗೆ ಆಕೆ ಬ್ಯಾಂಕಿಗೇ ಬಂದಳು. ಹಳೇ ಚೆಕ್ಕು ಹುಡುಕಿ ತೋರಿಸಿದೆವು. "ನಂಗೆ ಸಹಿ ಎಲ್ಲಿ ಬರುತ್ತೆ ಸ್ವಾಮೀ, ನಾನು ಹೆಬ್ಬೆಟ್ಟು ಒತ್ತೋಳು" ಅಂದಳು.

ಕಾಯ್ದೆ ನಮ್ಮ ಕಡೆ ಇತ್ತು. ಮೇಲಿನ ಕಚೇರಿಯಿಂದಲೂ ಹಾಗೇ ಉತ್ತರ ಬಂತು. ಗುಮಾಸ್ತ ಸಂಘದ ಆಳು, ಚೆಕ್ಕು ಆಕೆಯ ಕೈ ಸೇರಲೇ ಇಲ್ಲ, ಆದ್ದರಿಂದ ಆಕೆಯ ಬಾಕಿ ತೀರಿರಲಿಲ್ಲ. ಸಂಘದವರೇ ಮತ್ತೊಮ್ಮೆ ಕೊಟ್ಟರು. ಗುಮಾಸ್ತನಿಂದ ವಸೂಲಾದದ್ದು ಅಷ್ಟಕ್ಕಷ್ಟೆ. ಆದರೂ ಆ ಹೆಬ್ಬೆಟ್ಟಿನ ಮಾತು ನೆನಪಾದಾಗೆಲ್ಲ ನಮಗೆ ಇವತ್ತಿಗೂ ಕಸಿವಿಸಿ. ಪರಿಚಯದ ಮುಖ ಅಂತ ಕೇಳದೆ ಬಿಟ್ಟೆವಲ್ಲ!

ಅದೇ ಚೆಕ್ಕಿಗೆ ಎರಡು ಗೆರೆ ಎಳೆದು "ಅಕೌಂಟ್ ಪೇಯೀ" ಅಂತ ಬರೆದಿದ್ದರೆ ಅವನ ಆಟ ನಡೀತಿರಲಿಲ್ಲ. ಹಣ ಆಕೆಯ ಖಾತೆಗೇ ಹೋಗಬೇಕಿತ್ತು. ಬೇರೆಯವರ ಖಾತೆಗೆ ಜಮಾ ಮಾಡಿದ ಬ್ಯಾಂಕು ಅಜಾಗ್ರತೆಗೆ ಸಿಕ್ಕಿ, 131ನೇ ಕಲಮಿನ ರಕ್ಷಣೆ ಕಳೆದುಕೊಳ್ಳುತ್ತಿತ್ತು. 2021ರ ಜನವರಿಯಿಂದ 50,000 ರೂಪಾಯಿ ಮೇಲ್ಪಟ್ಟ ಚೆಕ್ಕಿನ ವಿವರ ಮೊದಲೇ ಬ್ಯಾಂಕಿಗೆ ತಿಳಿಸುವ ಪಾಸಿಟಿವ್ ಪೇ ಬಂದಿದೆ, ಒಳ್ಳೇದೇ. ಅದು ನೋಡೋದು ಮುಂದಿನ ಬರಹವನ್ನು. ನಮ್ಮ ಸಣ್ಣಪುಟ್ಟ ಚೆಕ್ಕುಗಳಿಗೆ ಆ ಎರಡು ಗೆರೆಯೇ ಕಾವಲು.

ಊಟವಾದ ಮೇಲೆ ಡಿವಿಡೆಂಡ್ ಚೆಕ್ಕು ಹಂಚುತ್ತಾರೆ. ನಿಮ್ಮದನ್ನು ನೀವೇ ಕೈಯಾರೆ ಇಸ್ಕೊಳ್ಳಿ. ಎಡಗಡೆ ಮೂಲೆಯಲ್ಲಿ ಗೆರೆ ಇದೆಯೋ ನೋಡಿ. ಇಲ್ಲದಿದ್ದರೆ ಕಾರ್ಯದರ್ಶಿಗಳು ಇಲ್ಲೇ ಇದ್ದಾರೆ, ಅವರ ಪೆನ್ನಿನಲ್ಲೇ ಎಳೆಸಿಕೊಂಡು ಹೋಗಿ.