ಗುಡ್ಡ ಕಡಿದರಾಯಿತೇ? ನೀರು?



ಸಿಂಗಪುರದ ಚಾಂಗಿ ಬಿಸಿನೆಸ್ ಪಾರ್ಕಿನಲ್ಲಿ ಕಂಪ್ಯೂಟರ್ ಕೆಲಸಕ್ಕಿರುವ ನಮ್ಮ ಹುಡುಗ ಹುಡುಗಿಯರಿಗೆ ಬೆಟ್ಟ ನೋಡಬೇಕೆನಿಸಿದರೆ ದೇಶ ಬಿಟ್ಟೇ ಹೋಗಬೇಕು. ಅಲ್ಲಿನ ಅತಿ ಎತ್ತರದ ಬುಕಿತ್ ತಿಮಾ ಗುಡ್ಡ ಸುಮಾರು 164 ಮೀಟರ್, ಅಷ್ಟೆ. ರಜೆ ಸಿಕ್ಕಿದರೆ ಹತ್ತಿರದ ಬಾಲಿಗೆ ವಿಮಾನ ಹತ್ತುತ್ತಾರೆ, ಜತಿಲುವಿಯ ಮೆಟ್ಟಿಲು ಗದ್ದೆಗಳ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಫೋಟೋದಲ್ಲಿ ಹಸಿರು ಚೆನ್ನಾಗಿಯೇ ಬರುತ್ತದೆ, ನೀರಿನ ಲೆಕ್ಕ ಬರುವುದಿಲ್ಲ. ಇಳಿಜಾರಿನ ಬೇಸಾಯ ಎಂದರೆ ಮುಕ್ಕಾಲು ಪಾಲು ಆ ಲೆಕ್ಕವೇ.

ಬಾಲಿಯಲ್ಲಿ ಅದನ್ನು ಇಡುವುದು ಸುಬಕ್ ಎಂಬ ರೈತರ ಕೂಟ. ಒಂದೇ ಕಾಲುವೆಯ ನೀರು ಬಳಸುವವರು ನೀರಿನ ದೇವಸ್ಥಾನದಲ್ಲಿ ಸೇರಿ, ನಾಟಿ ಯಾವಾಗ, ಗದ್ದೆ ಬೀಳು ಬಿಡುವುದು ಯಾವಾಗ ಎಂದು ಗೊತ್ತು ಮಾಡಿಕೊಳ್ಳುತ್ತಾರೆ. ಎಲ್ಲರೂ ಒಟ್ಟಿಗೆ ಬೀಳು ಬಿಟ್ಟರೆ ಹುಳಕ್ಕೆ ಮೇವಿಲ್ಲ. 1970ರ ದಶಕದಲ್ಲಿ ಸರ್ಕಾರ ಹೊಸ ತಳಿ ಕೊಟ್ಟು, ಬಿಡುವಿಲ್ಲದೆ ಬೆಳೆಯಿರಿ ಎಂದಿತು. ಸರದಿ ತಪ್ಪಿತು, ಕೀಟ ಹೆಚ್ಚಿತು. ಪೂಜೆಯ ಪಂಚಾಂಗದೊಳಗೆ ನೀರಾವರಿಯ ಶಾಸ್ತ್ರವೇ ಅಡಗಿದೆ ಎಂದು ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಆಮೇಲೆ ತೋರಿಸಿಕೊಟ್ಟರು. 2012ರಲ್ಲಿ ಸುಬಕ್ ಪದ್ಧತಿ ಯುನೆಸ್ಕೊ ಪಟ್ಟಿಗೂ ಸೇರಿತು.

ಆದರೆ ನೀರೇ ಇಲ್ಲದ ಗುಡ್ಡದಲ್ಲಿ? ಅದಕ್ಕೆ ದಕ್ಷಿಣ ಕನ್ನಡದ ಅಡ್ಯನಡ್ಕದ ಹತ್ತಿರ, ಕೇಪು ಗ್ರಾಮಕ್ಕೆ ಬರಬೇಕು. ಅಮೈ ಮಹಾಲಿಂಗ ನಾಯ್ಕರು ಅಡಿಕೆ, ತೆಂಗಿನ ಮರ ಹತ್ತುವ ಕೂಲಿಯವರಾಗಿದ್ದರು. 1970ರ ದಶಕದಲ್ಲಿ ಭೂಮಾಲೀಕರೊಬ್ಬರು ಅವರಿಗೆ ಕೊಟ್ಟದ್ದು ಎರಡು ಎಕರೆ ಬೋಳುಗುಡ್ಡ. ಬಾವಿ ತೋಡಿಸಲು ದುಡ್ಡೆಲ್ಲಿ? ಸುರಂಗ ಕೊರೆಯಲು ಕೂತರು. ಮುರಕಲ್ಲಿನ ಗುಡ್ಡದೊಳಕ್ಕೆ ಅಡ್ಡಡ್ಡವಾಗಿ, ಒಬ್ಬ ಆಳು ನುಗ್ಗುವಷ್ಟೇ ಅಗಲ. ನೀರಿನ ಒರತೆ ಸಿಕ್ಕಿತೋ, ತಳದ ಸಣ್ಣ ವಾಟದಲ್ಲಿ ಅದು ತಾನಾಗಿ ಹೊರಗೆ ಹರಿಯುತ್ತದೆ. ಪಂಪೂ ಬೇಡ, ಕರೆಂಟೂ ಬೇಡ. ಗಡಿಯಾಚೆ ಕಾಸರಗೋಡಿನ ಬಾಯಾರು, ಎಣ್ಮಕಜೆ ಕಡೆಯೂ ಇದೇ ಪದ್ಧತಿ.

ನಾಯ್ಕರ ಸುರಂಗಗಳು ಒಂದಾದ ಮೇಲೊಂದು ಒಣಗಿಯೇ ಉಳಿದವು. ಊರವರು ನಕ್ಕರು, ನಾವಾಗಿದ್ದರೂ ನಗುತ್ತಿದ್ದೆವು ಅನ್ನಿ. ಕೊನೆಗೂ ಒಂದರಲ್ಲಿ ನೀರು ಬಂತು. ಆಮೇಲೆ ಒಬ್ಬರೇ ಕಲ್ಲು ಹೊತ್ತು, ಕಟ್ಟಿ, ಇಳಿಜಾರನ್ನು ತಟ್ಟು ತಟ್ಟಾಗಿ ಮಾಡಿ ಅಡಿಕೆ ಇಟ್ಟರು. 2022ರಲ್ಲಿ ಪದ್ಮಶ್ರೀ ಬಂತು.

ಇಲ್ಲೊಂದು ಸೂಕ್ಷ್ಮವಿದೆ. ಭತ್ತದ ತಟ್ಟಿನಲ್ಲಿ ನೀರು ನಿಲ್ಲಬೇಕು. ಅದಕ್ಕೇ ಕೆಸರು ಮಾಡಿ ಉಳುವುದು, ತಳ ಗಟ್ಟಿಯಾಗಿ ನೀರು ಇಂಗದಿರಲಿ ಎಂದು. ಅಡಿಕೆಯ ಬುಡದಲ್ಲಿ ಅದೇ ನೀರು ನಿಂತರೆ ಬೇರು ಕೆಡುತ್ತದೆ. ಹಾಗಾಗಿ ತೋಟಕ್ಕೆ ಕಣಿ ತೋಡಬೇಕು, ಕಲ್ಲಿನ ಕಟ್ಟಕ್ಕೆ ಸಿಮೆಂಟು ಮೆತ್ತಬಾರದು, ಸಂದಿಯಲ್ಲಿ ನೀರು ಜಿನುಗಲು ಬಿಡಬೇಕು. ಇಲ್ಲದಿದ್ದರೆ ಮಳೆಗಾಲದಲ್ಲಿ ನೆನೆದ ಮಣ್ಣಿನ ಭಾರಕ್ಕೆ ಕಟ್ಟವೇ ಹೊಟ್ಟೆ ಉಬ್ಬಿ ಬೀಳುತ್ತದೆ. ಈಗ ಜೆಸಿಬಿ ತಂದು ದಿನ ಬೆಳಗಾಗುವುದರೊಳಗೆ ಗುಡ್ಡ ಕಡಿಸುವವರಿದ್ದಾರೆ. ಕಡಿದ ಮಣ್ಣನ್ನು ಹಾಗೇ ಅಂಚಿಗೆ ದೂಡುತ್ತಾರೆ, ಕಲ್ಲೂ ಇಲ್ಲ, ಕಣಿಯೂ ಇಲ್ಲ. ಆ ತೋಟ ಎಷ್ಟು ಗಟ್ಟಿ ಎಂಬುದು ಆಷಾಢದ ಮಳೆಗೇ ಗೊತ್ತಾಗಿಬಿಡುತ್ತದೆ.