ಹೆಬ್ಬೆಟ್ಟು ಕೊಡದ ಜನ

(ಆಂಡರ್ಸನ್‌ಪೇಟೆಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು)



ಇದು ಆಂಡರ್ಸನ್‌ಪೇಟೆ. ಪಕ್ಕದ್ದು ರಾಬರ್ಟ್‌ಸನ್‌ಪೇಟೆ. ಆಚೆಗೆ ಚಾಂಪಿಯನ್ ರೀಫ್. ನಮ್ಮ ಅಜ್ಜ ಮುತ್ತಜ್ಜಂದಿರು ಬೆವರಿಳಿಸಿ, ಕೆಮ್ಮಿ ಕೆಮ್ಮಿ ಸತ್ತ ನೆಲಕ್ಕೆ ದೊರೆಗಳ ಹೆಸರು. ಇವತ್ತು ನಾವು ಮಾತಾಡಬೇಕಾಗಿರೋದು ಹೆಸರಿನ ವಿಚಾರವೇ. ನಮ್ಮನ್ನ ಯಾರು ಏನಂತ ಕರೆದರು, ನಮ್ಮನ್ನ ನಾವು ಏನಂತ ಕರೆದುಕೊಂಡೆವು, ಇದು ಬರೀ ಇತಿಹಾಸ ಅಲ್ಲ. 2025ರಲ್ಲಿ ನಿಮ್ಮ ಮನೆ ಬಾಗಿಲಿಗೇ ಬಂದ ಪ್ರಶ್ನೆ. ಅದಕ್ಕೆ ಕಡೆಗೆ ಬರ್ತೇವೆ.

ನಮಗೆ ಶಾಲೇಲಿ ಹೇಳಿಕೊಟ್ಟಿದ್ದು ಏನು? ಕೋಲಾರದ ಚಿನ್ನವನ್ನ ಬ್ರಿಟಿಷರು ಕಂಡುಹಿಡಿದರು ಅಂತ. ಇದು ಸುಳ್ಳು. ಟಿಪ್ಪು ಸತ್ತ ಮೇಲೆ ಮೈಸೂರಿನ ಗಡಿ ಅಳೆಯೋದಕ್ಕೆ ಬಂದಿದ್ದ ಜಾನ್ ವಾರನ್ ಅನ್ನೋ ಲೆಫ್ಟಿನೆಂಟು 1802ರ ಹೊತ್ತಿಗೆ ಊರ್ಗಾಂ, ಮಾರಿಕುಪ್ಪಂ ಸುತ್ತ ಚಿನ್ನ ಹುಡುಕಿದ. ತೋರಿಸಿಕೊಟ್ಟವರು ಯಾರು? ಹಳ್ಳಿಯ ಜನ. ಮಾರಿಕುಪ್ಪಂ ಹತ್ತಿರ ಗುಂಡಿಗೆ ಇಳಿದವರು ಕಲ್ಲನ್ನ ಬುಟ್ಟಿಯಲ್ಲಿ ಕೈಯಿಂದ ಕೈಗೆ ದಾಟಿಸ್ತಿದ್ದರು, ಹೆಂಗಸರು ಅದನ್ನ ಬಂಡೆ ಮೇಲೆ ಕುಟ್ಟಿ ಪುಡಿ ಮಾಡಿ ನೀರಲ್ಲಿ ತೊಳೀತಿದ್ದರು. ಅವರು ಪರಯರು ಅಂತ ವಾರನ್ನನೇ ಬರೆದ. ಅಂದರೆ ಕಂಪನಿ ಹುಟ್ಟೋ ಮುಂಚೆ ಈ ಮಣ್ಣಿನ ಗುಟ್ಟು ನಮ್ಮೋರ ಕೈಲಿತ್ತು. ಬಿಳಿಯ ಬಂದು ಕಂಡುಹಿಡಿದದ್ದು ಚಿನ್ನವನ್ನಲ್ಲ, ನಮ್ಮ ಅಗ್ಗದ ರಟ್ಟೆಯನ್ನ.

ಆಮೇಲೆ ಬಂದವನು ಲ್ಯಾವೆಲ್. ಐರಿಷ್ ಸಿಪಾಯಿ. ಎಲ್ಲಿಂದ ಬಂದ ಗೊತ್ತಾ? ನ್ಯೂಜಿಲೆಂಡಿನಿಂದ. ಅಲ್ಲಿನ ಮೂಲ ಜನರಾದ ಮಾವೋರಿಗಳ ಮೇಲೆ ಬ್ರಿಟಿಷರು ನಡೆಸಿದ ಯುದ್ಧದಲ್ಲಿ ಕಾದಿ ಬಂದವನು. ಅಲ್ಲೇ ಅವನಿಗೆ ಚಿನ್ನದ ಹುಚ್ಚು ಹತ್ತಿದ್ದು. ವಾರನ್ ಬರೆದಿದ್ದನ್ನ ಓದಿಕೊಂಡು 1871ರಲ್ಲಿ ಇಲ್ಲಿಗೆ ಚಿನ್ನ ಹುಡುಕಿಕೊಂಡು ಬಂದ, ಆಮೇಲೆ ಲೈಸೆನ್ಸು ಸಿಕ್ತು. ಮಾವೋರಿಗೂ ಮಾರಿಕುಪ್ಪಂಗೂ ಎಷ್ಟು ಸಾವಿರ ಮೈಲಿ! ಆದರೆ ದೋಚೋ ಕೈಗೆ ಅದೆಲ್ಲ ಒಂದೇ ದಾರಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಉತ್ತರ ಆರ್ಕಾಟು, ಚಿತ್ತೂರು ಕಡೆಯ ಚೇರಿಗಳಿಂದ ಜನ ಬಂದರು. ಜಮೀನ್ದಾರನ ಪಣ್ಣೈಯಾಳಾಗಿ ಸಾಯೋದಕ್ಕಿಂತ ನೆಲದೊಳಗೆ ಕೂಲಿ ಮಾಡೋದೇ ಮೇಲು ಅಂತ ಬಂದರು. ಅದನ್ನ ಮರೀಬಾರದು. ಅವರನ್ನ ತಳ್ಳಿದ್ದು ಹಸಿವು ಮಾತ್ರ ಅಲ್ಲ, ಊರಿನ ಜಾತಿ.

ಇಲ್ಲಿ ಬಂದು ನೋಡಿದರೆ ಏನಿತ್ತು? ತಟ್ಟಿ ಗುಡಿಸಲಿನ ಕೂಲಿ ಲೈನು. ದೊರೆಗೆ ಬಂಗಲೆ, ಕ್ಲಬ್ಬು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು, ಬೆಂಗಳೂರಿಗೂ ಮುಂಚೆ. ಬಂದದ್ದು ಯಂತ್ರಕ್ಕೆ, ನಮ್ಮ ಲೈನಿಗಲ್ಲ. ಚಾಂಪಿಯನ್ ರೀಫ್ ಗಣಿ ಇಳಿದು ಇಳಿದು ಮೂರು ಸಾವಿರ ಮೀಟರು ದಾಟಿತು. ಬಂಡೆ ಸಿಡಿದು ಸತ್ತವರು ಅಲ್ಲೇ ಹೋದರು, ಕಲ್ಲಿನ ಧೂಳು ಕುಡಿದವರು ಮನೇಲಿ ನಿಧಾನಕ್ಕೆ ಹೋದರು. ಇಷ್ಟೆಲ್ಲ ಮಾಡಿಯೂ ಕಂಪನಿ ಕಣ್ಣಿಗೆ ನಾವು ಕಳ್ಳರು! 1897ರಲ್ಲಿ ಮೈಸೂರು ಸರ್ಕಾರ ಗಣಿ ರಕ್ಷಣೆಗೆ ಅಂತಲೇ ಕಾನೂನು ಮಾಡಿತು. ಗಣಿಯನ್ನ ಯಾರಿಂದ ರಕ್ಷಿಸಬೇಕಿತ್ತು? ಅಗೆಯೋನಿಂದ.

ಈಗ ಬೆರಳಚ್ಚಿನ ಕಥೆಗೆ ಬನ್ನಿ. ಮನುಷ್ಯನ ಕೈಯಚ್ಚು ಹಿಡಿದು ಅವನನ್ನ ಗುರುತಿಸೋ ಪದ್ಧತಿಯನ್ನ ಬ್ರಿಟಿಷರು ಶುರು ಮಾಡಿದ್ದು ಲಂಡನ್ನಿನಲ್ಲಲ್ಲ, ನಮ್ಮ ಬಂಗಾಳದಲ್ಲಿ, 1858ರಲ್ಲಿ, ಹರ್ಷೆಲ್ ಅನ್ನೋ ಅಧಿಕಾರಿ. ಕಪ್ಪು ಜನರ ಮಾತಿಗೆ ಬೆಲೆಯಿಲ್ಲ, ಚರ್ಮದ ಗೆರೆಗೆ ಬೆಲೆ. ಲ್ಯಾವೆಲ್ ಬಂದ ಅದೇ 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ಬಂತು. ಹುಟ್ಟಿದ ಕೂಸೂ ಕಳ್ಳ ಅನ್ನೋ ಕಾನೂನು. ನಮ್ಮ ಕೊರಚ, ಕೊರಮ ಬಂಧುಗಳನ್ನ ಕೇಳಿ, ಅದರ ಗಾಯ ಇನ್ನೂ ಹಸಿ ಇದೆ.

1930ರಲ್ಲಿ ಕಂಪನಿ ಇಲ್ಲಿನ ಕೂಲಿಗಳ ಬೆರಳಚ್ಚು ತಗೊಂಡು ದಾಖಲೆ ಮಾಡ್ತೇವೆ ಅಂತು. ಆಗ ಇಲ್ಲಿ ಯೂನಿಯನ್ನೂ ಇರಲಿಲ್ಲ, ಹೊರಗಿನ ನಾಯಕರೂ ಇರಲಿಲ್ಲ. ಆದರೂ ಗಣಿ ನಿಂತುಹೋಯ್ತು. ಕೂಲಿ ಜಾಸ್ತಿ ಮಾಡಿ ಅಂತ ಶುರುವಾದ ಮುಷ್ಕರ ಅಲ್ಲ ಅದು. ನಾವು ಕೈದಿಗಳಲ್ಲ, ಕಳ್ಳರಲ್ಲ, ಹೆಬ್ಬೆಟ್ಟು ಒತ್ತೋದಿಲ್ಲ ಅನ್ನೋ ಮುಷ್ಕರ. ಓದು ಬರದವರು, ಒಂದು ದಿನ ದುಡೀದಿದ್ದರೆ ಒಲೆ ಹಚ್ಚಲಾಗದವರು ಮಾನಕ್ಕಾಗಿ ಕೂತರು. ಕಂಪನಿಯೇ ಹಿಂದೆ ಸರೀಬೇಕಾಯ್ತು.

ಆ ಧೈರ್ಯ ಆಕಾಶದಿಂದ ಉದುರಲಿಲ್ಲ. ಪಂಡಿತ ಅಯೋತಿದಾಸರ ಹೆಸರು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? ಕೈ ಎತ್ತಿ. ಕಡಿಮೆ. ತಪ್ಪು ನಿಮ್ಮದಲ್ಲ, ಪಠ್ಯಪುಸ್ತಕದ್ದು. ನಾವು ಹಿಂದೂ ಪಂಚಮರಲ್ಲ, ಈ ನೆಲದ ಮೊದಲ ಜನ, ಹಿಂದೆ ಬೌದ್ಧರು ಅಂತ ಅವರು ಸಾರಿದರು. 1907ರಲ್ಲಿ 'ತಮಿಳನ್' ಪತ್ರಿಕೆ ತಂದರು. ಗಣಿ ಕೂಲಿಗಳು ಅದರ ಓದುಗರು. ಓದು ಬಲ್ಲ ಒಬ್ಬ ಓದಿದರೆ ಇಡೀ ಲೈನು ಕೇಳ್ತಿತ್ತು. ಮಾರಿಕುಪ್ಪಂನಲ್ಲಿ ಅವರ ಬೌದ್ಧ ಸಂಘದ ಶಾಖೆ ಎದ್ದಿತು. 1914ರಲ್ಲಿ ಅವರು ತೀರಿಕೊಂಡ ಮೇಲೆ ಆ ಪತ್ರಿಕೆಯನ್ನ ಈ ಗಣಿ ಊರಿಂದಲೇ ಅಪ್ಪಾದುರೈ ಮುಂದುವರಿಸಿದರು. ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆ ತಗೊಂಡಿದ್ದು 1956. ಅದಕ್ಕೂ ಎಷ್ಟೋ ದಶಕ ಮುಂಚೆ ಇಲ್ಲಿ ಬುದ್ಧನ ಹೆಸರಲ್ಲಿ ಮದುವೆ, ಸಾವು ಎಲ್ಲ ನಡೀತಿತ್ತು. 1920ರ ದಶಕದಲ್ಲಿ ಮೈಸೂರಲ್ಲಿ ಪಂಚಮ ಅನ್ನೋ ಪದ ಹೋಗಿ ಆದಿ ಕರ್ನಾಟಕ, ಆದಿ ದ್ರಾವಿಡ ಬಂತಲ್ಲ, ಅದೂ ಇದೇ ಗಾಳಿ. 'ಆದಿ' ಅಂದರೆ ಮೊದಲು ಇದ್ದವರು. ಬೈಗುಳವನ್ನ ಒರೆಸಿ ನಾವೇ ಬರೆದುಕೊಂಡ ಹೆಸರು.

ಆ ಹೆಸರಿಗೂ ದಂಡ ಕಟ್ಟಿದ್ದೇವೆ. ಸ್ವಾತಂತ್ರ್ಯ ಬಂದ ಮೇಲೆ ಬೌದ್ಧ ಅಂತ ಬರೆಸಿದವರಿಗೆ ಪರಿಶಿಷ್ಟ ಜಾತಿಯ ಸೌಲಭ್ಯ ಇಲ್ಲ ಅಂದರು. ಅದು ಸರಿಹೋಗಿದ್ದು 1990ರಲ್ಲಿ. ಅಷ್ಟು ಕಾಲ ಮನೇಲಿ ಬುದ್ಧ, ಅರ್ಜಿಯಲ್ಲಿ ಹಿಂದೂ. 2001ರ ಫೆಬ್ರವರಿ 28ಕ್ಕೆ ಗಣಿಯೂ ಮುಚ್ಚಿತು. ಉಳಿದದ್ದು ಸೈನೈಡ್ ದಿಬ್ಬ ಮತ್ತು ಬೆಳಿಗ್ಗೆ ಕತ್ತಲಲ್ಲೇ ಬೆಂಗಳೂರಿಗೆ ಹೊರಡೋ ರೈಲು.

ಈಗ 2025ರ ಪ್ರಶ್ನೆ. ಒಳಮೀಸಲಾತಿಗಾಗಿ ನಾಗಮೋಹನ್ ದಾಸ್ ಆಯೋಗದ ಸಮೀಕ್ಷೆಯವರು ಬಂದು ಕೇಳಿದರು: ಆದಿ ದ್ರಾವಿಡ ಸರಿ, ಮೂಲ ಜಾತಿ ಯಾವುದು? ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜನ ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಅಂತಷ್ಟೇ ಹೇಳಿ ನಿಲ್ಲಿಸಿದರು. ಆಯೋಗ ಅವರಿಗೆ ಬೇರೆ ಗುಂಪು ಮಾಡಿ ಒಂದು ಪರ್ಸೆಂಟ್ ಅಂತು. ಆಗಸ್ಟಿನಲ್ಲಿ ಸಂಪುಟ ಆ ಗುಂಪನ್ನೇ ಬಿಟ್ಟು ಮೂರೇ ಗುಂಪು ಮಾಡಿತು.

ಕೆಲವು ಹುಡುಗರು ನಮ್ಮನ್ನ ಕೇಳ್ತಾರೆ, 'ಅಣ್ಣಾ, ಇದೂ ಆ ಹೆಬ್ಬೆಟ್ಟೇ ಅಲ್ವಾ?' ಅಂತ. ನಾವು ಅಲ್ಲ ಅಂತೀವಿ. ಕಂಪನಿ ಕೇಳಿದ್ದು ಕೂಲಿಯನ್ನ ಹಿಡಿದಿಡೋದಕ್ಕೆ. ಇಲ್ಲಿ ಕೇಳ್ತಿರೋದು ನಮ್ಮದೇ ಮಾದಿಗ ಬಂಧುಗಳು ದಶಕಗಳಿಂದ ಬೀದಿಯಲ್ಲಿ ನಿಂತು ಕೇಳಿದ ಪಾಲಿಗಾಗಿ. 'ಆದಿ' ಅನ್ನೋ ದೊಡ್ಡ ಕಂಬಳಿಯ ಕೆಳಗೆ ಒಬ್ಬ ಬೆಚ್ಚಗೆ, ಒಬ್ಬ ಚಳಿಯಲ್ಲಿ ಮಲಗಿದ್ದು ನಿಜ. ಅದನ್ನ ಒಪ್ಪದೆ ಅಯೋತಿದಾಸರ ಹೆಸರು ಹೇಳೋದು ಕಪಟ. ಆದರೆ ಪಾಲಿಗೆ ಜಾತಿ ಹೇಳಿದ ಮಾತ್ರಕ್ಕೆ 'ಆದಿ'ಯನ್ನ ಕೈಬಿಡಬೇಕಿಲ್ಲ. ಒಂದು ಲೆಕ್ಕಕ್ಕೆ, ಇನ್ನೊಂದು ನಮಗೆ.

ಇನ್ನೊಂದು ಮಾತು. ಇಲ್ಲಿ ಕನ್ನಡದಲ್ಲಿ ಮಾತಾಡ್ತಿದ್ದೇವೆ, ನಿಮ್ಮಲ್ಲಿ ಅರ್ಧ ಜನ ಮನೇಲಿ ತಮಿಳು ಆಡ್ತೀರಿ. ಹೊರಗಿನವರು ಅಂತ ಯಾರಾದರೂ ಅಂದರೆ ವಾರನ್ ಬರೆದ ಮಾರಿಕುಪ್ಪಂ ಕಥೆ ಹೇಳಿ. ರಜಕ್ಕೆ ಊರಿಗೆ ಹೋದಾಗ ಅಜ್ಜಿಯ ಟ್ರಂಕು ತೆಗೆಸಿ ನೋಡಿ. ಗಣಿ ಚೀಟಿ, ಬೌದ್ಧ ಸಂಘದ ಮದುವೆ ಕಾಗದ, ಹಳೇ 'ತಮಿಳನ್' ಹಾಳೆ ಏನಿದ್ದರೂ ತನ್ನಿ. ಗೆದ್ದಲು ಹಿಡಿಯೋ ಮುಂಚೆ ತನ್ನಿ. ತಮಿಳು ಓದೋರು ಓದಿ, ಕನ್ನಡ ಬರೆಯೋರು ಬರ್ಕೊಳ್ಳಿ.

ಕೊನೇ ರೈಲಿಗೆ ಹೋಗೋರು ಈಗ ಏಳಬಹುದು. ಉಳಿದವರು ಪ್ರಶ್ನೆ ಕೇಳಿ.